ನಿಮಗಿದು ಗೊತ್ತೆ? ಮಳೆಗೆ ಹತ್ತಿ ಬರುವ ಮೀನು, ರಾತ್ರಿ ಹೊರಡುವ ಬೇಟೆ

ಕೆರೆ ಮೀನು ತಿಂದು ಬೆಳೆದವರಿಗೆ ಇದು ಹೊಸತೆನಿಸಬಹುದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಲೆನಾಡಿನ ಹೊಳೆಗಳು ಕೆಂಪಾಗಿ ಹರಿಯುತ್ತಿದ್ದಂತೆ ಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಹಳ್ಳ, ಗದ್ದೆಗಳಿಗೆ ಏರುತ್ತವೆ. ಸಾಗರ, ತೀರ್ಥಹಳ್ಳಿ ಸೀಮೆಯಲ್ಲಿ ಇವು ಹತ್ತುಮೀನು. ಕತ್ತಲಾದ ಮೇಲೆ ಟಾರ್ಚ್ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ಸದ್ದಿಲ್ಲದೆ ನಡೆದು, ಕಂಡದ್ದನ್ನು ಕತ್ತಿಯಿಂದ ಕಡಿಯುವುದೇ ಹತ್ತುಮೀನು ಶಿಕಾರಿ. ಗಮ್ಮತ್ತೇನೋ ಹೌದು. ಆದರೆ ಮೊಟ್ಟೆ ತುಂಬಿದ ಮೀನೊಂದು ಸತ್ತರೆ ಸಾವಿರಾರು ಮರಿಗಳೂ ಹೋದಂತೆಯೇ.

ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಇಂಥ ಬೇಟೆ ಬಾಡಿಗೆಗೇ ಸಿಗುತ್ತದೆ! ದೀಪ ಕಟ್ಟಿದ ಚಪ್ಪಟೆ ತಳದ ದೋಣಿಯಲ್ಲಿ ಗೈಡ್‌ಗಳು ಗಿರಾಕಿಗಳನ್ನು ಆಳವಿಲ್ಲದ ಕೊಲ್ಲಿಗೆ ಕರೆದೊಯ್ಯುತ್ತಾರೆ. ಮರಳಲ್ಲಿ ಹುದುಗಿದ ಫ್ಲೌಂಡರ್ ಎಂಬ ಚಪ್ಪಟೆ ಮೀನನ್ನು ಈಟಿಯಿಂದ ತಿವಿಯುವ ಕೆಲಸ ಗಿರಾಕಿಯದು. ಮಂಗಳೂರಿನ ನಂಗು ಮೀನಿನ ದೂರದ ನೆಂಟ ಇದು. ಮರಿಯಾಗಿದ್ದಾಗ ತಲೆಯ ಎರಡೂ ಬದಿಗೆ ಒಂದೊಂದು ಕಣ್ಣು. ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂರುತ್ತದೆ. ಫ್ಲೌಂಡರ್ ಮೊಟ್ಟೆಯಿಡಲು ಆಳ ಸಮುದ್ರಕ್ಕೆ ಹೊರಡುವ ಕಾಲವೆಂದು, 2021ರಿಂದ ಟೆಕ್ಸಾಸ್‌ನಲ್ಲಿ ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಅದನ್ನು ಹಿಡಿಯುವಂತಿಲ್ಲ.