ಹಿತ್ತಿಲ ಹಕ್ಕಿಗಳ ಗಣತಿಯೂ ಊಟವೂ

ಮೈಸೂರಿನಲ್ಲಿ ನಾವು ವಾಸವಾಗಿರುವ ಮನೆಯ ಹಿಂದೆ ಒಂದು ಸಣ್ಣ ಹಿತ್ತಿಲುಂಟು. ಒಂದು ಸೀಬೆಯ ಮರ, ಒಂದು ನುಗ್ಗೆ, ಬೇಲಿಯುದ್ದಕ್ಕೂ ದಾಸವಾಳ, ಬಚ್ಚಲ ನೀರು ಹರಿಯುವೆಡೆಯಲ್ಲಿ ಎರಡು ಬಾಳೆ. ಇಷ್ಟೇ ಅದರ ಸಂಪತ್ತು. ಮೂರು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳ ಒಂದು ಮುಂಜಾನೆ, ಕಾಗದ ಪೆನ್ಸಿಲುಗಳನ್ನು ಹಿಡಿದು ಈ ಹಿತ್ತಿಲ ಹಕ್ಕಿಗಳನ್ನು ಎಣಿಸುವುದಕ್ಕೆ ಕುಳಿತೆವು. ಹದಿನೈದು ನಿಮಿಷಗಳಾದ ಮೇಲೆ ನೋಡಿದರೆ ನಮ್ಮ ಕಾಗದದಲ್ಲಿ ‘ಪಿಕಳಾರ 23’ ಎಂದು ಬರೆದಿತ್ತು. ಅದೇ ಸೀಬೆಯ ಮರವನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ನಮ್ಮ ಮನೆಯವರು, “ಇಪ್ಪತ್ತಮೂರು ಎಲ್ಲಿಂದ ಬಂತ್ರೀ? ಇರೋದು ಎರಡೇ ಜೋಡಿ. ಅವೇ ಹೋಗಿ ಅವೇ ಬರ್ತಾ ಇವೆ” ಎಂದರು.

ವಿದ್ಯುತ್ಪ್ರವಾಹವೇ ಬೇರೆ, ವಿದ್ಯುದಾವೇಶವೇ ಬೇರೆ ಎಂದು ಪ್ರತಿ ವರ್ಷವೂ ತರಗತಿಯಲ್ಲಿ ಗಂಟಲು ಹರಿದುಕೊಳ್ಳುವವರು ನಾವು. ಒಂದು ಸೆಕೆಂಡಿನಲ್ಲಿ ತಂತಿಯ ಒಂದು ಬಿಂದುವನ್ನು ಎಷ್ಟು ಆವೇಶ ಹಾದುಹೋಯಿತೆಂಬುದನ್ನು ಪ್ರವಾಹವು ಹೇಳುವುದೇ ಹೊರತು, ತಂತಿಯಲ್ಲಿ ಒಟ್ಟು ಎಷ್ಟು ಆವೇಶವಿದೆಯೆಂಬುದನ್ನಲ್ಲ. ಇದನ್ನು ತಪ್ಪು ಬರೆದ ವಿದ್ಯಾರ್ಥಿಗಳ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕಳೆದಿದ್ದೇವೆ. ಆ ಮುಂಜಾನೆ ನಾವೇ ಅದೇ ತಪ್ಪನ್ನು ಮಾಡಿದ್ದೆವು. ನಾವು ಎಣಿಸಿದ್ದು ಬರುವಿಕೆಗಳನ್ನು, ಹಕ್ಕಿಗಳನ್ನಲ್ಲ.

ಈ ತೊಡಕಿಗೆ ಬ್ರಿಟನ್ನಿನವರು ಬಹು ಸರಳವಾದ ಉಪಾಯವೊಂದನ್ನು ಬಳಸುತ್ತಾರೆ. ಅಲ್ಲಿನ ಪಕ್ಷಿಸಂರಕ್ಷಣೆಯ ರಾಯಲ್ ಸೊಸೈಟಿಯು 1979ರಿಂದ ಪ್ರತಿ ವರ್ಷ ಜನವರಿಯ ಕೊನೆಯ ಭಾಗದಲ್ಲಿ ಮನೆತೋಟಗಳ ಹಕ್ಕಿಗಣತಿಯನ್ನು ನಡೆಸುತ್ತಿದೆ. ಒಂದು ಗಂಟೆಯ ಕಾಲ ಕುಳಿತು ನೋಡಬೇಕು. ಒಂದೊಂದು ಜಾತಿಯಲ್ಲೂ ಏಕಕಾಲಕ್ಕೆ ಕಣ್ಣಿಗೆ ಬಿದ್ದ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯಬೇಕು. ಒಮ್ಮೆ ಎರಡು, ಆಮೇಲೆ ನಾಲ್ಕು, ಕೊನೆಗೆ ಮೂರು ಗುಬ್ಬಚ್ಚಿಗಳು ಬಂದರೆ ಉತ್ತರ ಒಂಬತ್ತಲ್ಲ, ನಾಲ್ಕು. ಹಕ್ಕಿಗಳೇನೂ ಹಣೆಯ ಮೇಲೆ ಸಂಖ್ಯೆಯನ್ನು ಬರೆದುಕೊಂಡು ಬರುವುದಿಲ್ಲವಷ್ಟೆ. ಆದುದರಿಂದ, ಏಕಕಾಲಕ್ಕೆ ಕಂಡ ನಾಲ್ಕು ಖಂಡಿತವಾಗಿಯೂ ನಾಲ್ಕು ಬೇರೆ ಹಕ್ಕಿಗಳು ಎಂಬುದೊಂದೇ ನಾವು ಪ್ರಮಾಣಮಾಡಿ ಹೇಳಬಹುದಾದ ಮಾತು.

ಆದರೆ ಈ ಸಂಖ್ಯೆ ನಿಜವಾದ ಸಂಖ್ಯೆಗಿಂತ ಕಡಿಮೆಯಲ್ಲವೆ? ಕಡಿಮೆಯೇ ಸರಿ. ಕಾಲಿಗೆ ಉಂಗುರ ತೊಡಿಸಿ ಪರೀಕ್ಷಿಸಿದವರು ಇದನ್ನು ಕಂಡುಕೊಂಡಿದ್ದಾರೆ. ಒಂದು ತೋಟದಲ್ಲಿ ಒಮ್ಮೆಗೆ ನಾಲ್ಕಾರು ಹಕ್ಕಿಗಳು ಕಂಡರೂ ದಿನವಿಡೀ ಅದರ ಅನೇಕ ಪಟ್ಟು ಹಕ್ಕಿಗಳು ಅಲ್ಲಿ ಹಾದುಹೋಗುವುದುಂಟು. ಉಂಗುರದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಲೆಕ್ಕವೂ ಸೊಗಸಾದುದು. ಇಪ್ಪತ್ತು ಹಕ್ಕಿಗಳಿಗೆ ಉಂಗುರ ತೊಡಿಸಿ ಬಿಟ್ಟೆವೆನ್ನೋಣ. ಕೆಲವು ದಿನಗಳ ಅನಂತರ ಮತ್ತೆ ಇಪ್ಪತ್ತನ್ನು ಹಿಡಿದಾಗ ಅವುಗಳಲ್ಲಿ ನಾಲ್ಕಕ್ಕೆ ಉಂಗುರವಿದ್ದರೆ, ಉಂಗುರವುಳ್ಳವು ಒಟ್ಟಿನ ಐದನೆಯ ಒಂದು ಪಾಲು ಎಂದಾಯಿತು. ಆದುದರಿಂದ ಒಟ್ಟು ಸುಮಾರು ನೂರು. ಅಮೆರಿಕದ ಫ್ರೆಡರಿಕ್ ಲಿಂಕನ್ ಎಂಬವರು 1930ರಲ್ಲಿ ಕಾಡುಬಾತುಗಳನ್ನು ಈ ಬಗೆಯಲ್ಲಿ ಲೆಕ್ಕಹಾಕಿದರು. ಇದು ಬಲೆ ಬೀಸಲು ಪರವಾನಗಿಯುಳ್ಳ ತಜ್ಞರ ಕೆಲಸ. ಕಿಟಕಿಯ ಬಳಿ ಕುಳಿತವರದಲ್ಲ.

ಕಿಟಕಿಯ ಬಳಿ ಕುಳಿತವನ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಪ್ರತಿ ಸಲವೂ ಕಾಲು ಸೇರು ಕಡಿಮೆ ತೋರಿಸುವ ತಕ್ಕಡಿಯು ವ್ಯಾಪಾರಕ್ಕೆ ಬಾರದಿದ್ದರೂ, ಮಗುವಿನ ತೂಕ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಯಲು ಸಾಕು. ತಪ್ಪು ಒಂದೇ ರೀತಿಯದಾಗಿರಬೇಕು, ಅಷ್ಟೆ. ಇನ್ನು ಯಾದೃಚ್ಛಿಕ ಏರುಪೇರುಗಳ ಮಾತು. ಒಂಬತ್ತು ಹಕ್ಕಿಗಳನ್ನು ಎಣಿಸಿದ ಕಡೆ ಅದರ ವರ್ಗಮೂಲದಷ್ಟು, ಎಂದರೆ ಮೂರರಷ್ಟು, ಹೆಚ್ಚುಕಡಿಮೆ ಕೇವಲ ಆಕಸ್ಮಿಕವಾಗಿ ಬರಬಹುದು. ಹೋದ ವರ್ಷ ಒಂಬತ್ತು, ಈ ವರ್ಷ ಆರು ಎಂದು ಒಬ್ಬ ಗೃಹಸ್ಥನು ಗಾಬರಿಗೊಳ್ಳಬೇಕಾಗಿಲ್ಲ. ಆದರೆ ಹತ್ತು ಸಾವಿರ ತೋಟಗಳ ಸರಾಸರಿಯನ್ನು ತೆಗೆದಾಗ ಈ ಆಕಸ್ಮಿಕವು ನೂರನೆಯ ಒಂದು ಪಾಲಿಗೆ ಇಳಿಯುವುದು. ಆಗ ಒಂಬತ್ತು ಆರಾದರೆ ಅದು ಗಾಬರಿಪಡತಕ್ಕ ವಿಷಯವೇ. ಬ್ರಿಟನ್ನಿನ ಎಣಿಕೆಯಲ್ಲಿ ಹೀಗೆಯೇ ಆಯಿತು. 1979ರಲ್ಲಿ ತೋಟವೊಂದಕ್ಕೆ ಸರಾಸರಿ ಹದಿನೈದು ಸ್ಟಾರ್ಲಿಂಗುಗಳು (ನಮ್ಮ ಗೊರವಂಕದ ಬಳಗದವು), ಹತ್ತು ಗುಬ್ಬಚ್ಚಿಗಳು ಕಂಡಿದ್ದುವು. ಮೂವತ್ತು ವರ್ಷಗಳ ತರುವಾಯ, 2009ರಲ್ಲಿ, ಸ್ಟಾರ್ಲಿಂಗುಗಳು ಸುಮಾರು ಮೂರಕ್ಕೂ ಗುಬ್ಬಚ್ಚಿಗಳು ನಾಲ್ಕಕ್ಕಿಂತ ಕೆಳಕ್ಕೂ ಇಳಿದಿದ್ದುವು. ಮೊದಲ ವರ್ಷ ಈ ಎಣಿಕೆಯನ್ನು ಮಾಡಿದವರು ಬಹುಪಾಲು ಶಾಲೆಯ ಮಕ್ಕಳು. ಕೆಲವು ನೂರು ಉತ್ತರಗಳು ಬಂದಾವೆಂದು ಎಣಿಸಿದ್ದ ಸಂಸ್ಥೆಗೆ 34,000ಕ್ಕೂ ಹೆಚ್ಚು ಬಂದುವು.

ಎಣಿಕೆಯ ಹವ್ಯಾಸ ಇನ್ನೂ ಹಳೆಯದು. ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು, ಯಾರು ಹೆಚ್ಚು ಹಕ್ಕಿಗಳನ್ನು ಹೊಡೆದುರುಳಿಸುವರೋ ನೋಡೋಣ ಎಂದು ಬಂದೂಕು ಹಿಡಿದು ಹೊರಡುವುದು ಅಮೆರಿಕದಲ್ಲಿ ಒಂದು ಕಾಲದ ವಿನೋದವಾಗಿತ್ತು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞರು 1900ರಲ್ಲಿ, ಕೊಲ್ಲುವ ಬದಲು ಎಣಿಸೋಣ ಎಂದು ಸೂಚಿಸಿದರು. ಆ ವರ್ಷ 27 ಮಂದಿ 25 ಸ್ಥಳಗಳಲ್ಲಿ ಎಣಿಸಿದರು. ಅದು ಇಂದಿಗೂ ನಿಂತಿಲ್ಲ. ನಾವು ಪಾಲ್ಗೊಂಡ ಫೆಬ್ರವರಿಯ ನಾಲ್ಕು ದಿನಗಳ ಹಿತ್ತಿಲ ಗಣತಿಯು ಅಮೆರಿಕದಲ್ಲಿ 1998ರಲ್ಲಿ ಹುಟ್ಟಿತು. ಭಾರತವು 2013ರಲ್ಲಿ ಅದನ್ನು ಸೇರಿತು.

ಇನ್ನು ಊಟದ ವಿಷಯ. ಎಣಿಕೆಗಿಂತ ಇದು ಹೆಚ್ಚು ಗೊಂದಲದ್ದು.

ಮೊದಲನೆಯ ಗಣತಿಯಲ್ಲಿ ನಮ್ಮ ಹಿತ್ತಿಲ ಒಟ್ಟು ಮೊತ್ತ ಬಹಳ ಸಣ್ಣದಾಗಿದ್ದುದು ನಮ್ಮ ಅಭಿಮಾನಕ್ಕೆ ಪೆಟ್ಟು ಕೊಟ್ಟಿತ್ತು. ಮರುವಾರವೇ ಸೀಬೆಯ ಕೊಂಬೆಗೆ ಒಂದು ಹಲಗೆಯನ್ನು ತೂಗುಹಾಕಿ, ಅದರ ಮೇಲೆ ಜೋಳ, ಸಜ್ಜೆ, ಅಕ್ಕಿಯ ನುಚ್ಚುಗಳನ್ನು ಸುರಿದೆವು. ಸಣ್ಣ ಹಕ್ಕಿಗೆ ಆಹಾರದ ಅವಸರ ಎಷ್ಟೆಂಬುದು ಭೌತಶಾಸ್ತ್ರದ ಮೇಷ್ಟರಿಗೆ ತಿಳಿಯದೆ ಏನು! ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುವುದು. ಲೋಟದ ಕಾಫಿ ಪತ್ರಿಕೆಯ ಒಂದು ಪುಟವನ್ನು ಓದುವಷ್ಟರಲ್ಲಿ ಆರುವುದು. ಗೋಳವೊಂದರ ವ್ಯಾಸವನ್ನು ಅರ್ಧಮಾಡಿದರೆ ಮೇಲ್ಮೈ ನಾಲ್ಕನೆಯ ಒಂದಕ್ಕೂ ಘನಫಲ ಎಂಟನೆಯ ಒಂದಕ್ಕೂ ಇಳಿಯುವುದರಿಂದ, ಶಾಖವನ್ನು ಹಿಡಿದಿಡುವ ಒಡಲಿಗೆ ಹೋಲಿಸಿದರೆ ಶಾಖವನ್ನು ಸೋರಗೊಡುವ ಮೈ ಇಮ್ಮಡಿಯಾಗುವುದು. ಪ್ರಾಣಿಗಳ ಒಟ್ಟು ಶಾಖೋತ್ಪತ್ತಿಯು ದೇಹದ ತೂಕದ ಮುಕ್ಕಾಲನೆಯ ಘಾತಕ್ಕೆ ಅನುಗುಣವಾಗಿರುವುದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದರು. ಇದರಂತೆ 60 ಕಿಲೋಗ್ರಾಂ ತೂಕದ ಮನುಷ್ಯನನ್ನೂ 25 ಗ್ರಾಂ ತೂಕದ ಗುಬ್ಬಚ್ಚಿಯನ್ನೂ ಹೋಲಿಸೋಣ. ತೂಕಗಳ ಪ್ರಮಾಣ 2,400. ಅದರ ನಾಲ್ಕನೆಯ ಮೂಲ ಏಳು. ಗುಬ್ಬಚ್ಚಿಯ ಮೈಯ ಒಂದೊಂದು ಗ್ರಾಂ ನಮ್ಮ ಮೈಯ ಗ್ರಾಮಿಗಿಂತ ಏಳು ಪಟ್ಟು ಇಂಧನವನ್ನು ಬೇಡುವುದೆಂದಾಯಿತು. ಗುಬ್ಬಚ್ಚಿಯ ಬಳಗದ ಹಕ್ಕಿಗಳಲ್ಲಿ ಇದು ವಾಸ್ತವವಾಗಿ ಇನ್ನೂ ಸ್ವಲ್ಪ ಹೆಚ್ಚೇ.

ಲೆಕ್ಕ ಸರಿ, ಆದರೆ ಅದನ್ನು ಯಾವ ಊರಿಗೆ ಅನ್ವಯಿಸುತ್ತಿದ್ದೇವೆಂಬುದನ್ನು ನಾವು ಮರೆತಿದ್ದೆವು. ಲಂಡನ್ನಿನಲ್ಲಿ ಡಿಸೆಂಬರಿನ ಅತಿ ದೀರ್ಘವಾದ ರಾತ್ರಿ ಹದಿನಾರು ಗಂಟೆಗಳದು. ಅಂಥ ಹೆಪ್ಪುಗಟ್ಟಿಸುವ ರಾತ್ರಿಯನ್ನು ಕಳೆಯುವಷ್ಟರಲ್ಲಿ ಹತ್ತು ಹನ್ನೊಂದು ಗ್ರಾಂ ತೂಕದ ಚೇಕಡಿ ಹಕ್ಕಿಯೊಂದು ತನ್ನ ತೂಕದ ಹತ್ತನೆಯ ಒಂದು ಪಾಲಿನವರೆಗೂ ಕಳೆದುಕೊಳ್ಳಬಹುದು. ಅಲ್ಲಿ ಒಂದು ಹಿಡಿ ಕಾಳು ಎಂದರೆ ಪ್ರಾಣ. ಮೈಸೂರಿನ ದೀರ್ಘತಮ ರಾತ್ರಿಯಾದರೋ ಹನ್ನೆರಡೂವರೆ ಗಂಟೆ. ಚಳಿ ಎಂದರೆ ನಮ್ಮ ತಾಯಿಯವರು ಶಾಲು ಹೊದೆಯುವಷ್ಟು. ಹಿಮವಿಲ್ಲ, ಹುಳುಹುಪ್ಪಟೆಗಳು ವರ್ಷವಿಡೀ ಉಂಟು. ನಮ್ಮ ಹಕ್ಕಿಗಳಿಗೆ ಹಲಗೆಯ ಊಟ ಅನಿವಾರ್ಯವಲ್ಲ. ಹಲಗೆಯು ಅನಿವಾರ್ಯವಾಗಿದ್ದುದು ನಮಗೆ.

ಎರಡು ತಿಂಗಳುಗಳಲ್ಲಿ ನಮ್ಮ ಮೊತ್ತ ಮೇಲೇರಿತು. ಪಕ್ಕದ ಬಹುಮಹಡಿ ಕಟ್ಟಡದ ಪಾರಿವಾಳಗಳು ಮೊದಲು ಎರಡಾಗಿ, ಆಮೇಲೆ ಹನ್ನೆರಡಾಗಿ, ಕೊನೆಗೆ ಒಮ್ಮೆಗೆ ಮೂವತ್ತರವರೆಗೂ ಬಂದುವು. ಚೋರೆಹಕ್ಕಿಗಳೂ ಬಂದುವು. ನಾವು ಹೆಮ್ಮೆಯಿಂದ ಬರೆಯುತ್ತಲೇ ಹೋದೆವು. ಕಾಗದವನ್ನು ಸಾವಧಾನವಾಗಿ ನೋಡಿದಾಗ ತಿಳಿದದ್ದು ಬೇರೆ: ಸಿಂಪಿಗ, ಸೂರಕ್ಕಿ, ಮಡಿವಾಳ, ಪಿಕಳಾರ ಇವುಗಳ ಸಾಲಿನಲ್ಲಿ ಒಂದಂಕಿಯೂ ಏರಿರಲಿಲ್ಲ. ಏರುವುದಾದರೂ ಹೇಗೆ? ಇವು ಹುಳು, ಮಕರಂದ, ಹಣ್ಣುಗಳನ್ನು ತಿನ್ನತಕ್ಕವು; ಜೋಳದ ಗೊಡವೆ ಇವಕ್ಕಿಲ್ಲ. ಪಾರಿವಾಳಗಳನ್ನಾದರೂ ನಾವು ಸೃಷ್ಟಿಸಿದೆವೆ? ಅಯಸ್ಕಾಂತದ ಬಳಿ ಕಬ್ಬಿಣದ ಪುಡಿ ಗುಂಪುಗೂಡಿದ ಮಾತ್ರಕ್ಕೆ ಲೋಕದಲ್ಲಿ ಕಬ್ಬಿಣ ಹೆಚ್ಚಿತೆನ್ನುವುದುಂಟೆ? ಇದು ಒಂದು ದಿನದ ಮಾತಾಯಿತು. ವರ್ಷಗಟ್ಟಲೆ ಊರೆಲ್ಲ ಕಾಳು ಸುರಿದರೆ ಕಬ್ಬಿಣವೂ ಮರಿಹಾಕುವುದು. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ಪಾರಿವಾಳವನ್ನು ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಎಣಿಸಿದೆ. ಹಕ್ಕಿಗಳಲ್ಲಿ ಬಹುಭಾಗ ಇಳಿಮುಖವಾಗಿರುವ ಕಾಲದಲ್ಲಿ!

ಜೂನ್ ತಿಂಗಳ ಒಂದು ದಿನ ಹಲಗೆಯ ಕೆಳಗೆ ಒಂದು ಚೋರೆಹಕ್ಕಿ ಗರಿಗಳನ್ನು ಕೆದರಿಕೊಂಡು ಕುಳಿತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಕಾಳನ್ನು ಕೊಕ್ಕಿನಲ್ಲಿ ಹಿಡಿಯುವುದು, ನುಂಗಲಾರದೆ ಬೀಳಿಸುವುದು. ಆ ಕಾಳನ್ನು ಇನ್ನೊಂದು ಹಕ್ಕಿ ಬಂದು ತಿನ್ನುವುದು. ಸಂಜೆಗೆ ಅದು ಸತ್ತಿತು. ಮೂರು ದಿನಗಳ ಅನಂತರ ಇನ್ನೊಂದು.

ನಾವು ಓದಲು ತೊಡಗಿದ್ದು ಆಮೇಲೆ, ಮೊದಲೇ ಓದಬೇಕಾಗಿತ್ತು. ಪಾರಿವಾಳಗಳ ಗಂಟಲಿನಲ್ಲಿ ವಾಸಿಸುವ ಟ್ರೈಕೊಮೊನಾಸ್ ಗ್ಯಾಲಿನೆ ಎಂಬ ಏಕಕೋಶಜೀವಿಯೊಂದುಂಟು. ಗಂಟಲಿನಲ್ಲಿ ಹುಣ್ಣೆದ್ದು, ರೋಗಿಯಾದ ಹಕ್ಕಿ ನುಂಗಲಾರದೆ ಉಗುಳಿದ ಎಂಜಲು ಕಾಳಿನಿಂದಲೂ ನೀರಿನಿಂದಲೂ ಇದು ಹರಡುವುದು. 2005ರಲ್ಲಿ ಬ್ರಿಟನ್ನಿನ ತೋಟಗಳಲ್ಲಿ ಇದು ಗ್ರೀನ್‌ಫಿಂಚ್ ಎಂಬ ಹಸಿರುಬಣ್ಣದ ಕಾಳುಹಕ್ಕಿಗೆ ತಗಲಿತು. ಮರುವರ್ಷದಿಂದ ಅವು ಗುಂಪುಗುಂಪಾಗಿ ಸತ್ತುವು. ಒಂದು ಕಾಲಕ್ಕೆ ತೋಟತೋಟದಲ್ಲೂ ಕಾಣುತ್ತಿದ್ದ ಈ ಹಕ್ಕಿ 2021ರಲ್ಲಿ ಆ ದೇಶದ ಅಪಾಯದ ಕೆಂಪು ಪಟ್ಟಿಯನ್ನು ಸೇರಿತು. ರೋಗವು ಹರಡಿದ್ದು ಪ್ರೀತಿಯಿಂದ ಇಟ್ಟ ಊಟದ ತಟ್ಟೆಗಳ ಮೂಲಕ. ಅದು ಪತ್ತೆಯಾದದ್ದೂ ಅದೇ ಮನೆಯವರ ಎಣಿಕೆಯ ಕಾಗದಗಳ ಮೂಲಕ. ಚಪ್ಪಟೆಯಾದ ಹಲಗೆಯ ಮೇಲೆ ಕಾಳು ಹರಡಿಡುವುದು ಅಪಾಯಕರವೆಂದು ಈಗ ಅಲ್ಲಿಯೇ ಎಚ್ಚರಿಸುತ್ತಾರೆ. ನಮ್ಮ ಹಿತ್ತಿಲಿನಲ್ಲಿ ನಡೆದದ್ದು ಇದೇ ರೋಗವೆಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಹಲಗೆಯನ್ನು ಮಾತ್ರ ಅಂದೇ ಇಳಿಸಿ, ಕುದಿಯುವ ನೀರಿನಿಂದ ತೊಳೆದು, ಬಿಸಿಲಿಗೆ ಒಡ್ಡಿದೆವು. ಅದು ಈಗ ಅಟ್ಟದಲ್ಲಿದೆ.

ಪಕ್ಕದ ಕಟ್ಟಡದ ಮೇಲ್ಮಹಡಿಯಲ್ಲಿ ನಿವೃತ್ತರಾದ ಹಿರಿಯರೊಬ್ಬರು ಪ್ರತಿ ಬೆಳಗ್ಗೆಯೂ ಎರಡು ಸೇರು ಜೋಳವನ್ನು ಪಾರಿವಾಳಗಳಿಗೆ ಹಾಕುತ್ತಾರೆ. ನಾವು ಸಂಕೋಚದಿಂದಲೇ ಈ ವಿಷಯವನ್ನು ಎತ್ತಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಮೇಷ್ಟ್ರೇ, ಹಸಿದ ಹೊಟ್ಟೆಗೆ ಹಾಕೋದೂ ತಪ್ಪೇ?” ಎಂದರು. ಹೆಂಡತಿಯನ್ನು ಕಳೆದುಕೊಂಡ ಮೇಲೆ ಅವರಿಗಾಗಿ ಪ್ರತಿದಿನ ಕಾದಿರುವ ಜೀವಗಳೆಂದರೆ ಅವೇ. ಹಸಿವೆಯ ಲೆಕ್ಕವನ್ನು ಅಂದು ಅವರ ಮುಂದೆ ಬಿಡಿಸಿಡಲು ನಮಗೆ ನಾಲಗೆ ಏಳಲಿಲ್ಲ. ತಟ್ಟೆಯನ್ನು ದಿನವೂ ತೊಳೆಯಿರಿ ಎಂದಷ್ಟೇ ಹೇಳಿ ಬಂದೆವು.

ನಮ್ಮ ತಾಯಿಯವರದು ಬೇರೆ ಕ್ರಮ. ಅವರು ಚಿಕ್ಕಂದಿನಿಂದಲೂ ಅಂಗಳದಲ್ಲಿ ಮೊರದಿಂದ ಅಕ್ಕಿ ಕೇರುವಾಗ ಬಿದ್ದ ನುಚ್ಚನ್ನು ಗುಬ್ಬಚ್ಚಿಗಳಿಗೆ ಬಿಟ್ಟವರು. ಊಟಕ್ಕೆ ಮುಂಚೆ ಕಾಗೆಗೆ ಒಂದು ಹಿಡಿ ಅನ್ನವನ್ನು ಇಟ್ಟವರು. ಹಿಡಿಯಷ್ಟೇ; ಐದು ನಿಮಿಷಗಳಲ್ಲಿ ಅದು ಖಾಲಿ. ಮರುದಿನ ಮುಂಜಾನೆ ಪೊರಕೆ, ನೀರು, ಮೇಲೆ ಬಿಸಿಲು. ಎಂಜಲು ಕೊಳೆಯುವುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ. ನಾವು ಪುಸ್ತಕ ನೋಡಿ ಕಲಿತದ್ದನ್ನು ಅವರು ಕಸಬರಿಕೆಯಿಂದ ಸಾಧಿಸಿದ್ದರು.

ಗುಬ್ಬಚ್ಚಿಯ ವಿಷಯವಾಗಿ ಒಂದು ಮಾತು. ಅದು ನಾಡಿನಿಂದಲೇ ಮಾಯವಾಯಿತೆಂಬ ನಂಬಿಕೆ ಜನಜನಿತವಾಗಿದೆ. 2020ರ ವರದಿಯಂತೆ, ದೊಡ್ಡ ನಗರಗಳಲ್ಲಿ ಅದು ಇಳಿದಿರುವುದು ನಿಜ. ದೇಶದ ಒಟ್ಟು ಲೆಕ್ಕದಲ್ಲಿ ಇಪ್ಪತ್ತೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. ನಗರದ ಗುಬ್ಬಚ್ಚಿಗೆ ಕಾಳಿನ ಕೊರತೆಗಿಂತ ಹುಳುವಿನ ಕೊರತೆ ದೊಡ್ಡದೆಂದು ತೋರುತ್ತದೆ. ತಾಯಿ ಕಾಳು ತಿಂದರೂ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಮೆತ್ತನೆಯ ಹುಳುಗಳನ್ನೇ. ಔಷಧ ಸಿಂಪಡಿಸಿ, ಸಿಮೆಂಟು ಹಾಸಿ, ನುಗ್ಗೆಯ ಕಂಬಳಿಹುಳುವನ್ನು ನಿರ್ಮೂಲಮಾಡಿದ ಹಿತ್ತಿಲಿನಲ್ಲಿ ಎಷ್ಟು ಸಜ್ಜೆ ಚೆಲ್ಲಿದರೇನು?

ಈಗ ನಾವಿಡುವುದು ನೀರು. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಬೇಸಗೆಯ ಮಧ್ಯಾಹ್ನ ಅವು ಕೊಕ್ಕು ತೆರೆದು ಏದುತ್ತಾ ಬಾಯಿಯ ತೇವವನ್ನು ಆವಿಮಾಡಿ ಮೈಯನ್ನು ತಂಪುಮಾಡಿಕೊಳ್ಳಬೇಕು. ಅವುಗಳ ದೇಹದ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 575 ಕ್ಯಾಲರಿ ಶಾಖವನ್ನು ಹೊತ್ತೊಯ್ಯುವುದು. ಆ ಗ್ರಾಮನ್ನು ಹಕ್ಕಿ ಎಲ್ಲಿಂದಲಾದರೂ ಮರಳಿ ಪಡೆಯಲೇಬೇಕು. ಅಗಲವಾದ ಮಣ್ಣಿನ ತಟ್ಟೆ, ಎರಡು ಬೆರಳಿನ ಆಳ, ಕೂರುವುದಕ್ಕೆ ಮಧ್ಯದಲ್ಲೊಂದು ಕಲ್ಲು, ಬೆಕ್ಕು ಹೊಂಚುಹಾಕಲಾರದಂತೆ ಸುತ್ತ ಬಯಲು. ಪ್ರತಿದಿನ ಉಜ್ಜಿ ತೊಳೆದು ನೀರು ಬದಲಾಯಿಸುವುದು ನಮ್ಮ ಮಗನ ಪಾಲಿನ ಕೆಲಸ. ಅವನು ಮರೆತ ದಿನ ಪಿಕಳಾರಗಳು ಕಿಟಕಿಯ ಬಳಿಗೇ ಬಂದು ಗದರಿಸುತ್ತವೆ.

ಈ ಫೆಬ್ರವರಿಯ ಗಣತಿಯಲ್ಲಿ ಹದಿನೈದು ನಿಮಿಷಗಳಿಗೆ ನಮ್ಮ ಕಾಗದ ಹೀಗಿತ್ತು: ಪಿಕಳಾರ 4, ಸಿಂಪಿಗ 2, ಸೂರಕ್ಕಿ 3, ಮಡಿವಾಳ 1, ಕಾಗೆ 5, ಗೊರವಂಕ 2, ಚೋರೆಹಕ್ಕಿ 1, ಪಾರಿವಾಳ 2. ಗುಬ್ಬಚ್ಚಿಯ ಎದುರಿಗೆ ಸೊನ್ನೆಯನ್ನು ಹಾಕುತ್ತಿದ್ದಾಗ ಮಗನು ಕೈಹಿಡಿದು ತಡೆದನು. ನುಗ್ಗೆಯ ಮರದ ಆಚೆಯಿಂದ ಚಿಲಿಪಿಲಿ ಕೇಳಿಸುತ್ತಿದೆಯೆಂದೂ, ಕೇಳಿದ್ದನ್ನೂ ಬರೆಯಬಹುದೆಂದೂ ವಾದಿಸಿದನು. ಗಡಿಯಾರದಲ್ಲಿ ಇನ್ನೂ ಒಂದು ನಿಮಿಷ ಉಳಿದಿತ್ತು. ಇಬ್ಬರೂ ಉಸಿರು ಹಿಡಿದು ಆಲಿಸಿದೆವು. ಬರೆದದ್ದು ಗುಬ್ಬಚ್ಚಿ 1.