ಗಿರಾಕಿಯ ಕಂಪ್ಯೂಟರಿನಲ್ಲಿ ಡೇಟಾಬೇಸ್ ಸರ್ವರ್: ಇನ್‌ಸ್ಟಾಲ್ ಆದಮೇಲೆ ಅದನ್ನು ನೋಡ್ಕೊಳ್ಳೋದು ಯಾರು?

ವಿಡಿಯೊದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ, ಲೋಕಲ್ ಟ್ರೇನಲ್ಲಿ, ಆಫೀಸ್ ಬಸ್ಸಲ್ಲಿ ಓದುವವರಿಗೆ ಅನುಕೂಲ ಆಗಲಿ ಅಂತ.

ಒಂದು ಭಾನುವಾರದಿಂದ ಶುರು ಮಾಡ್ತೀನಿ. ಎಂಟೆಕ್ ಮುಗಿಸಿ ಪುಣೆಯ ಒಂದು ಸಣ್ಣ ಕಂಪನಿ ಸೇರಿದ್ದೆ. ನಮ್ಮದು ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್. ಮಧ್ಯಾಹ್ನ ಹನ್ನೆರಡೂವರೆಗೆ ಮುಂಬೈಯ ಒಬ್ಬ ಉಡುಪಿ ಹೋಟೆಲ್ ಯಜಮಾನರ ಫೋನ್. "ಎಂತ ಮಾರಾಯ್ರೆ ಇದು, ಬಿಲ್ಲೇ ಆಗುವುದಿಲ್ಲ. ಊಟದ ಹೊತ್ತು, ಜನ ಬಾಗಿಲ ತನಕ ನಿಂತಿದ್ದಾರೆ." ರಿಮೋಟ್‌ನಲ್ಲಿ ನೋಡಿದರೆ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿ ಇದೆ. ಆದರೂ ಡೇಟಾಬೇಸ್ ಮಾತ್ರ ಜಾಗ ಇಲ್ಲ ಅಂತಿದೆ.

ಕಾರಣ ಸರಳ. ನಮ್ಮ ಇನ್‌ಸ್ಟಾಲರ್ ಜೊತೆಗೆ ಸದ್ದಿಲ್ಲದೆ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಕೂಡ ಹೋಗಿ ಕೂರ್ತಿತ್ತು. ಅದು ಪುಕ್ಕಟೆ, ಆದರೆ ಒಂದೊಂದು ಡೇಟಾಬೇಸಿಗೂ ಮಿತಿ ಇದೆ. 2005ರ ಎಕ್ಸ್‌ಪ್ರೆಸ್‌ನಲ್ಲಿ 4 ಜಿಬಿ ಇತ್ತು, 2008 ಆರ್2ರಿಂದ 2022ರ ಆವೃತ್ತಿವರೆಗೂ 10 ಜಿಬಿ, 2025ರದ್ದರಲ್ಲಿ 50. ನಾವು ಮಹಾ ಬುದ್ಧಿವಂತರು, ಪ್ರತಿ ಬಿಲ್ಲಿನ ಚಿತ್ರವನ್ನೂ ಡೇಟಾಬೇಸಿನ ಒಳಗೇ ಇಟ್ಟಿದ್ದೆವು. ಹಳೇ ಚಿತ್ರ ಅಳಿಸಿದ ಮೇಲೆ ಫೈಲ್ ಚಿಕ್ಕದಾಗಲಿಲ್ಲ, ಆದರೆ ಅದರ ಒಳಗೆ ಜಾಗ ಖಾಲಿಯಾಯ್ತು, ಹೊಸ ಬಿಲ್ ಆಗೋದಕ್ಕೆ ಅಷ್ಟು ಸಾಕಿತ್ತು. ಅಷ್ಟರಲ್ಲಿ ಗಂಟೆ ನಾಲ್ಕು. ಅಲ್ಲಿವರೆಗೂ ಅವರು ಚೀಟಿಯಲ್ಲಿ ಬರೆದು ದುಡ್ಡು ತಗೊಂಡಿದ್ದರು.

ನನಗೆ ನಿಜವಾಗಿ ಭಯ ಆಗಿದ್ದು ಇದಕ್ಕಲ್ಲ. ಅಳಿಸುವ ಮುಂಚೆ ಹಳೇ ಬ್ಯಾಕಪ್ ಇದೆಯಾ ಅಂತ ನೋಡಿದೆ. ಫೋಲ್ಡರ್ ಖಾಲಿ. ಮೂರು ವರ್ಷದ ಲೆಕ್ಕ, ಜಿಎಸ್‌ಟಿ ಎಲ್ಲಾ ಸೇರಿ ಒಂದೇ ಒಂದು ಡಿಸ್ಕಿನ ಮೇಲೆ ನಿಂತಿತ್ತು. ದೊಡ್ಡ ಆವೃತ್ತಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ ಅಂತ ಒಂದಿರುತ್ತೆ, ರಾತ್ರಿ ಹೊತ್ತಿಗೆ ತಾನೇ ಬ್ಯಾಕಪ್ ತೆಗೆಯುತ್ತೆ. ಎಕ್ಸ್‌ಪ್ರೆಸ್‌ನಲ್ಲಿ ಅದಿಲ್ಲ. ಆಫೀಸಿನ ಸರ್ವರ್‌ನಲ್ಲಿ ಎಲ್ಲಾ ನೆಟ್ಟಗೆ ನಡೀತಿತ್ತು, ಹಾಗಾಗಿ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಆಫೀಸಿನಲ್ಲಿ ಡಿಬಿಎ ಇದ್ದ. ಹೋಟೆಲಿನಲ್ಲಿ ಇದ್ದದ್ದು ಕ್ಯಾಶ್ ಕೌಂಟರಿನ ಹುಡುಗ.

ಇಲ್ಲೇ ಇರೋದು ವಿಷಯ. ನಿಮ್ಮ ಸಾಫ್ಟ್‌ವೇರ್ ಜೊತೆ ಡೇಟಾಬೇಸ್ ಸರ್ವರ್ ಕಳಿಸಿದ ದಿನ ಅಷ್ಟೂ ಗಿರಾಕಿಗಳ ಡಿಬಿಎ ನೀವೇ ಆದ್ರಿ. ಅವರಿಗೆ ಅಲ್ಲೊಂದು ಸರ್ವರ್ ಇದೆ ಅನ್ನೋದೇ ಗೊತ್ತಿರಲ್ಲ.

ಹಾಗೆ ಗೊತ್ತಿಲ್ಲದೆ ಇದ್ದರೆ ಏನಾಗುತ್ತೆ ಅನ್ನೋದನ್ನ ಜಗತ್ತು ಒಮ್ಮೆ ನೋಡಿದೆ. 2003ರ ಜನವರಿ 25ರಂದು ಸ್ಲ್ಯಾಮರ್ ಅನ್ನೋ ವರ್ಮ್ ಬಂತು. ಗಾತ್ರ ಬರೀ 376 ಬೈಟ್. ಯುಡಿಪಿ 1434ನೇ ಪೋರ್ಟಿಗೆ ಒಂದು ಪ್ಯಾಕೆಟ್ ಬಂದರೆ ಸಾಕು, ಆ ಕಂಪ್ಯೂಟರ್ ಇನ್ನೊಂದಕ್ಕೆ ಹರಡೋಕೆ ಶುರು. ಹತ್ತೇ ನಿಮಿಷದಲ್ಲಿ, ಹಿಡಿಯಬಹುದಾಗಿದ್ದ ಕಂಪ್ಯೂಟರುಗಳಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಹಿಡಿದುಬಿಟ್ಟಿತ್ತು. ಒಟ್ಟು 75,000ದ ಆಸುಪಾಸು. ತಮಾಷೆ ಅಂದ್ರೆ ಅದಕ್ಕೆ ಪ್ಯಾಚ್ 2002ರ ಜುಲೈನಲ್ಲೇ ಬಂದಿತ್ತು. ಆದರೆ ಎಕ್ಸ್‌ಪ್ರೆಸ್‌ನ ಹಿಂದಿನ ತಲೆಮಾರಾದ ಎಂಎಸ್‌ಡಿಇ ಬೇರೆ ಬೇರೆ ಸಾಫ್ಟ್‌ವೇರ್‌ಗಳ ಹೊಟ್ಟೆಯೊಳಗೆ ಸೇರಿಕೊಂಡು ಎಷ್ಟೋ ಕಡೆ ಹೋಗಿತ್ತು. ಇದೆ ಅಂತಲೇ ಗೊತ್ತಿಲ್ಲದ ಸರ್ವರಿಗೆ ಯಾರು ಪ್ಯಾಚ್ ಹಾಕ್ತಾರೆ? ಈಗಿನ ಎಕ್ಸ್‌ಪ್ರೆಸ್ ಇನ್‌ಸ್ಟಾಲ್ ಆದಾಗ ಹೊರಗಿನ ಸಂಪರ್ಕ ಮುಚ್ಚೇ ಇರುತ್ತೆ, ಟಿಸಿಪಿ ಬೇಕಾದರೆ ನಾವೇ ತೆರೀಬೇಕು. ಎರಡನೇ ಕೌಂಟರ್ ಕೂಡಿಸೋಕೆ ಬಂದ ಸಪೋರ್ಟ್ ಹುಡುಗ ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಹೋಗ್ತಾನೆ, ಎಸ್‌ಎ ಪಾಸ್‌ವರ್ಡ್ ಎಲ್ಲಾ ಗಿರಾಕಿಗಳಿಗೂ ಒಂದೇ ಇರುತ್ತೆ, ಅದು ಬೇರೆ ಕಥೆ. ನಮ್ಮದೂ ಒಂದೇ ಇತ್ತು, ಸುಳ್ಳು ಯಾಕೆ ಹೇಳಲಿ.

ಹಾಗಾದ್ರೆ ಸರ್ವರ್ ಬೇಕೇ ಬೇಕಾ? ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಂದೇ ಕಂಪ್ಯೂಟರ್, ಒಂದೇ ಕೌಂಟರ್ ಆದರೆ ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ ಅನ್ನುವವರು 2000ದಲ್ಲಿ ಹೊರತಂದದ್ದು. ಅದು ಸರ್ವರೇ ಅಲ್ಲ, ನಿಮ್ಮ ಪ್ರೋಗ್ರಾಮಿನ ಒಳಗೇ ಕೂರುವ ಲೈಬ್ರರಿ. ಸರ್ವಿಸ್ ಇಲ್ಲ, ಪೋರ್ಟ್ ಇಲ್ಲ, ಡೇಟಾ ಎಲ್ಲಾ ಒಂದು ಫೈಲಿನಲ್ಲಿ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಒಂದು ಕೌಂಟರಿಗೆ ಅದರಿಂದ ತೊಂದರೆ ಇಲ್ಲ. ಆದರೆ ಆ ಫೈಲನ್ನ ಶೇರ್ಡ್ ಫೋಲ್ಡರಿನಲ್ಲಿಟ್ಟು ನಾಲ್ಕು ಕಂಪ್ಯೂಟರಿನಿಂದ ತೆಗೆಯೋ ಸಾಹಸ ಮಾಡಬೇಡಿ. ನೆಟ್‌ವರ್ಕ್ ಮೇಲೆ ಫೈಲ್ ಲಾಕಿಂಗ್ ನಂಬೋ ಹಾಗಿಲ್ಲ, ಫೈಲ್ ಕೆಡುತ್ತೆ. ನಾಲ್ಕು ಕೌಂಟರ್ ಇದ್ದರೆ ಸರ್ವರೇ ಬೇಕು. ನಡುವೆ ಲೋಕಲ್‌ಡಿಬಿ ಅಂತ ಒಂದಿದೆ, 2012ರ ಆವೃತ್ತಿಯಿಂದ ಬಂದದ್ದು. ಸರ್ವಿಸ್ ಆಗಿ ಓಡಲ್ಲ, ಬೇಕಾದಾಗ ಏಳುತ್ತೆ, ಆದರೆ ಬೇರೆ ಕಂಪ್ಯೂಟರಿನಿಂದ ಸಿಗಲ್ಲ.

ಸರ್ವರ್ ಕಳಿಸಲೇಬೇಕು ಅಂದ್ರೆ ಬ್ಯಾಕಪ್ ವಿಷಯದಲ್ಲಿ ನಾವು ಕಲಿತದ್ದು ಹೇಳ್ತೀನಿ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಂದು ಸ್ಕ್ರಿಪ್ಟ್ ಕೊಟ್ಟೆವು. ಮೊದಲ ರಾತ್ರಿಯೇ ಫೇಲ್, ಆಕ್ಸೆಸ್ ಡಿನೈಡ್. ಯಾಕೆ ಗೊತ್ತಾ? ಬ್ಯಾಕಪ್ ಫೈಲ್ ಬರೆಯೋದು ಲಾಗಿನ್ ಆದ ಮನುಷ್ಯ ಅಲ್ಲ, ಎಸ್‌ಕ್ಯೂಎಲ್ ಸರ್ವರ್ ಸರ್ವಿಸ್. ಅದಕ್ಕೆ ತನ್ನದೇ ಬೇರೆ ಅಕೌಂಟ್. ಯಜಮಾನರ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಅದಕ್ಕೆ ಪ್ರವೇಶ ಇಲ್ಲ. ಬೇರೆ ಫೋಲ್ಡರ್ ಮಾಡಿ, ಇನ್‌ಸ್ಟಾಲರ್‌ನಲ್ಲೇ ಆ ಅಕೌಂಟಿಗೆ ಪರ್ಮಿಷನ್ ಕೊಟ್ಟಮೇಲೆ ಸರಿಹೋಯ್ತು. ಆಮೇಲೆ ಅದನ್ನ ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಬೇಕು, ಅದೇ ಡಿಸ್ಕಿನಲ್ಲಿಟ್ಟರೆ ಎರಡೂ ಒಟ್ಟಿಗೇ ಹೋಗ್ತವೆ. ಇನ್ನೊಂದು, ಹೊಸ ಆವೃತ್ತಿಯಲ್ಲಿ ತೆಗೆದ ಬ್ಯಾಕಪ್ ಹಳೇ ಆವೃತ್ತಿಯಲ್ಲಿ ರಿಸ್ಟೋರ್ ಆಗಲ್ಲ. ಯಾವ ಗಿರಾಕಿಯ ಹತ್ತಿರ ಯಾವ ಆವೃತ್ತಿ ಇದೆ ಅಂತ ಬರೆದಿಟ್ಟುಕೊಳ್ಳಿ.

ಮೆನುವಿನ ಹೆಸರುಗಳು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಕಾಲಮ್ ಎನ್‌ವಾರ್‌ಚಾರ್ ಇರಲಿ, ಕ್ವೆರಿಯಲ್ಲಿ ಅಕ್ಷರಗಳ ಮುಂದೆ ಎನ್ ಹಾಕೋದು ಮರೀಬೇಡಿ. ಮರೆತರೆ "ನೀರುದೋಸೆ" ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸೇವ್ ಆಗ್ತವೆ, ವಾಪಸ್ ತರೋಕೆ ಆಗಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಕಾಟ ಇದೆ. ವಿಂಡೋಸ್ 11ರಲ್ಲಿ ಕೆಲವು ಎನ್‌ವಿಎಂಇ ಡಿಸ್ಕುಗಳು ತಮ್ಮ ಸೆಕ್ಟರ್ ಗಾತ್ರ 4 ಕೆಬಿಗಿಂತ ದೊಡ್ಡದು ಅಂತ ಹೇಳ್ತವೆ, ಆಗ ಎಸ್‌ಕ್ಯೂಎಲ್ ಸರ್ವರ್ ಇನ್‌ಸ್ಟಾಲ್ ಆಗೋದೇ ಇಲ್ಲ ಅಥವಾ ಸರ್ವಿಸ್ ಶುರುವಾಗಲ್ಲ. ಮೈಕ್ರೋಸಾಫ್ಟ್ ಇದಕ್ಕೆ ರಿಜಿಸ್ಟ್ರಿಯಲ್ಲಿ ಒಂದು ಬದಲಾವಣೆ ಹೇಳಿದೆ. ಇನ್‌ಸ್ಟಾಲರ್ ಶುರುವಾದ ಕೂಡಲೇ ಸೆಕ್ಟರ್ ಗಾತ್ರ ನೋಡಿಕೊಂಡರೆ ಅರ್ಧ ದಿನ ಉಳಿಯುತ್ತೆ.

ಆ ಹೋಟೆಲಿನಲ್ಲಿ ಈಗ ಡೇಟಾಬೇಸ್ 7 ಜಿಬಿ ದಾಟಿದರೆ ಮೊದಲು ಎಚ್ಚರಿಕೆ ಬರೋದು ನಮ್ಮ ಹಳೇ ಕಂಪನಿಗೆ, ಎರಡು ದಿನ ಬ್ಯಾಕಪ್ ಆಗದಿದ್ದರೆ ಬಿಲ್ಲಿಂಗ್ ಪರದೆ ಮೇಲೆ ಕೆಂಪು ಪಟ್ಟಿ. ಯಜಮಾನರಿಗೆ ಆ ಪಟ್ಟಿ ಕಂಡರೆ ಸಿಟ್ಟು. ಫೋನ್ ಮಾಡಿ ಬೈತಾರೆ, ಆದರೆ ಪೆನ್‌ಡ್ರೈವ್ ಚುಚ್ಚುತ್ತಾರೆ. ಮುಂದಿನ ವಿಡಿಯೊದಲ್ಲಿ ಒಂದು ಬ್ಯಾಕಪ್ಪನ್ನ ಖಾಲಿ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ತೋರಿಸ್ತೀನಿ. ಸಿಗೋಣ.