ಮತ್ಸ್ಯ ಹಾಗೂ ಜಲವಾಸಿ ವನ್ಯಜೀವಿಗಳಲ್ಲಿ ಚಿರಸ್ಥಾಯಿ ಫ್ಲೋರಿನ್ ಸಂಯುಕ್ತಗಳು: ದೀರ್ಘಕಾಲಿಕ ಪ್ರವೃತ್ತಿಗಳು

ಪೀಠಿಕೆ

ಪರಿಸರದಲ್ಲಿ ಮಾಲಿನ್ಯಕಾರಕವೊಂದು ಇದೆಯೇ ಎಂಬ ಪ್ರಶ್ನೆಗಿಂತ ಅದು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬ ಪ್ರಶ್ನೆ ಕಠಿಣವಾದುದು. ಮೊದಲನೆಯದಕ್ಕೆ ಒಂದು ದಿನ ಸಂಗ್ರಹಿಸಿದ ಮಾದರಿ ಸಾಕು. ಎರಡನೆಯದಕ್ಕೆ ದಶಕಗಳ ಮಾದರಿಗಳು ಬೇಕು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಕೈಗಾರಿಕೆಗಳು ಬಳಸುತ್ತ ಬಂದ ಫ್ಲೋರಿನ್ ಸಂಯುಕ್ತಗಳ ವಿಷಯದಲ್ಲಿ ಎರಡನೆಯ ಪ್ರಶ್ನೆಗೆ ಉತ್ತರ ದೊರೆತಿರುವುದು ಬಹುಮಟ್ಟಿಗೆ ಶೈತ್ಯಾಗಾರಗಳಲ್ಲಿ ಕಾದಿರಿಸಿದ ಮೀನು, ಮೊಟ್ಟೆ ಹಾಗೂ ಅಂಗಾಂಶಗಳಿಂದ. ಆ ಉತ್ತರವನ್ನೂ ಅದರ ಮಿತಿಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಂಯುಕ್ತಗಳ ಸ್ವರೂಪ

ಪರ್‌ಫ್ಲೋರೋ ಹಾಗೂ ಪಾಲಿಫ್ಲೋರೋ ಆಲ್ಕೈಲ್ ಸಂಯುಕ್ತಗಳೆಂಬ ಈ ವರ್ಗದಲ್ಲಿ ಇಂಗಾಲದ ಸರಪಣಿಯ ಮೇಲೆ ಜಲಜನಕವಿರಬೇಕಾದ ಸ್ಥಾನಗಳನ್ನು ಫ್ಲೋರಿನ್ ಆಕ್ರಮಿಸಿರುತ್ತದೆ. ಇಂಗಾಲ–ಫ್ಲೋರಿನ್ ಬಂಧವು ಸಾವಯವ ರಸಾಯನಶಾಸ್ತ್ರದ ಅತ್ಯಂತ ಬಲಿಷ್ಠ ಏಕಬಂಧಗಳಲ್ಲೊಂದು. ಶಾಖಕ್ಕಾಗಲಿ, ಆಮ್ಲಕ್ಕಾಗಲಿ, ಸೂಕ್ಷ್ಮಜೀವಿಗಳಿಗಾಗಲಿ ಅದು ಸುಲಭವಾಗಿ ಮಣಿಯದು. ನೀರು ಮತ್ತು ಜಿಡ್ಡು ಎರಡನ್ನೂ ದೂರವಿಡುವ ಗುಣದಿಂದಾಗಿ ಇವು ಬಟ್ಟೆ, ಕಾಗದ ಹಾಗೂ ರತ್ನಗಂಬಳಿಗಳ ಲೇಪನದಲ್ಲಿಯೂ, ಎಣ್ಣೆಯ ಬೆಂಕಿ ನಂದಿಸುವ ನೊರೆಯಲ್ಲಿಯೂ ಬಳಕೆಗೆ ಬಂದವು. ಇವುಗಳಲ್ಲಿ ಹೆಚ್ಚು ಅಧ್ಯಯನಗೊಂಡಿರುವುದು ಪಿಎಫ್‌ಒಎಸ್ ಎಂದು ಸಂಕ್ಷಿಪ್ತವಾಗಿ ಕರೆಯಲಾಗುವ ಪರ್‌ಫ್ಲೋರೋಆಕ್ಟೇನ್ ಸಲ್ಫೋನೇಟ್.

ಡಿಡಿಟಿಯಂತಹ ಹಳೆಯ ಮಾಲಿನ್ಯಕಾರಕಗಳು ಕೊಬ್ಬಿನಲ್ಲಿ ಶೇಖರವಾದರೆ, ಇವು ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತ ಮತ್ತು ಯಕೃತ್ತಿನಲ್ಲಿ ನೆಲೆಸುತ್ತವೆ. ಆದಕಾರಣ ಯಾವ ಅಂಗವನ್ನು ಅಳೆಯಲಾಯಿತೆಂಬುದನ್ನು ಗಮನಿಸದೆ ಎರಡು ಅಧ್ಯಯನಗಳ ಅಂಕಿಗಳನ್ನು ಹೋಲಿಸುವುದು ಸಲ್ಲದು.

ಏರಿಕೆಯ ದಶಕಗಳು

2001ರಲ್ಲಿ ಜಾನ್ ಗೀಸಿ ಮತ್ತು ಕುರುಂತಾಚಲಂ ಕಣ್ಣನ್ ಅವರು ಪ್ರಕಟಿಸಿದ ಅಧ್ಯಯನವು ಕಾರ್ಖಾನೆಗಳಿಂದ ಬಹುದೂರದಲ್ಲಿರುವ ಆರ್ಕ್‌ಟಿಕ್ ಪ್ರದೇಶದ ಪ್ರಾಣಿಗಳಲ್ಲಿಯೂ ಪಿಎಫ್‌ಒಎಸ್ ಇರುವುದನ್ನು ತೋರಿಸಿತು. ಅದು ಎಂದಿನಿಂದ ಸೇರುತ್ತ ಬಂದಿತೆಂಬುದನ್ನು ತಿಳಿಯಲು ಸಂಶೋಧಕರು ಹಳೆಯ ಸಂಗ್ರಹಗಳತ್ತ ತಿರುಗಿದರು. ಬಾಲ್ಟಿಕ್ ಸಮುದ್ರದ ಸ್ಟೋರಾ ಕಾರ್ಲ್ಸೋ ದ್ವೀಪದಲ್ಲಿ ಮೀನನ್ನೇ ಆಹಾರವಾಗಿ ಅವಲಂಬಿಸಿದ ಗಿಲ್ಲೆಮಾಟ್ ಎಂಬ ಕಡಲಹಕ್ಕಿಯ ಮೊಟ್ಟೆಗಳನ್ನು ಸ್ವೀಡನ್ ದೇಶವು ಬಹುಕಾಲದಿಂದ ಕಾದಿರಿಸಿದೆ. ಅವುಗಳ ವಿಶ್ಲೇಷಣೆಯಂತೆ 1968ರಲ್ಲಿ ಪ್ರತಿ ಗ್ರಾಂಗೆ 25 ನ್ಯಾನೊಗ್ರಾಂ ಇದ್ದ ಪಿಎಫ್‌ಒಎಸ್ ಪ್ರಮಾಣ 2003ರಲ್ಲಿ 614 ನ್ಯಾನೊಗ್ರಾಂ ಆಗಿತ್ತು. ಈ ನಡುವೆ 1997ರಲ್ಲಿ ಅದು ಇನ್ನೂ ಎತ್ತರದ ಶಿಖರವನ್ನು ಮುಟ್ಟಿತ್ತು.

ಉತ್ತರ ಅಮೆರಿಕದ ಒಂಟಾರಿಯೊ ಸರೋವರದ ಲೇಕ್ ಟ್ರೌಟ್ ಮೀನುಗಳಲ್ಲಿ ಇದೇ ಪ್ರಮಾಣ 1980ರ 43 ನ್ಯಾನೊಗ್ರಾಂನಿಂದ 2001ರಲ್ಲಿ 180ಕ್ಕೆ ಏರಿತು. ಇಲ್ಲಿ ಗಮನಾರ್ಹವಾದ ಮತ್ತೊಂದು ಸಂಗತಿಯಿದೆ. ಆಹಾರ ಸರಪಣಿಯ ಕೆಳಹಂತದಲ್ಲಿರುವ, ಕೆಸರಿನಲ್ಲಿ ಬದುಕುವ ಡಿಪೊರಿಯ ಎಂಬ ಕಿರುಜೀವಿಯಲ್ಲಿ ಪಿಎಫ್‌ಒಎಸ್ ಸರಾಸರಿ 280 ನ್ಯಾನೊಗ್ರಾಂ ಇದ್ದು, ಅದು ಮೇಲ್ಹಂತದ ಟ್ರೌಟ್ ಮೀನಿಗಿಂತಲೂ ಅಧಿಕವಾಗಿತ್ತು. ಜೀವಜಾಲಕ್ಕೆ ಈ ವಸ್ತು ಸೇರುತ್ತಿರುವುದು ಮುಖ್ಯವಾಗಿ ತಳದ ಹೂಳಿನಿಂದ ಎಂದು ಸಂಶೋಧಕರು ಇದರಿಂದ ಊಹಿಸಿದರು.

ಉತ್ಪಾದನೆಯ ನಿಲುಗಡೆಯ ಪರಿಣಾಮ

ಪ್ರಮುಖ ಉತ್ಪಾದಕ ಸಂಸ್ಥೆಯಾದ ಅಮೆರಿಕದ 3ಎಂ ಕಂಪನಿ ಈ ರಾಸಾಯನಿಕ ಕ್ರಮದಿಂದ ಹಿಂದೆ ಸರಿಯುವುದಾಗಿ 2000ದ ಮೇ ತಿಂಗಳಲ್ಲಿ ಘೋಷಿಸಿತು. ಇದರ ಫಲ ಮೊದಲಿಗೆ ಕಂಡದ್ದು ದೂರದ ಆರ್ಕ್‌ಟಿಕ್‌ನಲ್ಲಿ. ಕೆನಡಾದ ಆರ್ವಿಯಾಟ್ ಮತ್ತು ರೆಸಲ್ಯೂಟ್ ಬೇಗಳ ರಿಂಗ್ಡ್ ಸೀಲ್‌ಗಳ ಯಕೃತ್ತಿನಲ್ಲಿ 1998–2000ರ ಸುಮಾರಿಗೆ ಗರಿಷ್ಠ ಮಟ್ಟ ತಲಪಿದ್ದ ಪಿಎಫ್‌ಒಎಸ್ 2005ರ ವೇಳೆಗೆ ಸ್ಪಷ್ಟವಾಗಿ ಇಳಿದಿತ್ತು. ಪಿಎಫ್‌ಒಎಸ್ ಆಗಿ ಮಾರ್ಪಡುವ ಆವಿಶೀಲ ಪೂರ್ವವಸ್ತುಗಳು ಗಾಳಿಯ ಮೂಲಕ ಅಲ್ಲಿಗೆ ತಲಪುತ್ತಿದ್ದವು. ಗಾಳಿಯಲ್ಲಿ ಅವುಗಳ ಆಯುಷ್ಯ ಅಲ್ಪವಾದುದರಿಂದ ಉತ್ಪಾದನೆ ನಿಂತೊಡನೆ ಆ ಪೂರೈಕೆಯೂ ನಿಂತಿತೆಂಬುದು ಇದಕ್ಕೆ ನೀಡಲಾದ ವಿವರಣೆ.

ಒಂಟಾರಿಯೊದ ಟ್ರೌಟ್‌ಗಳಲ್ಲಿ ಮೊದಲ ವರ್ಷಗಳಲ್ಲಿ ಅಷ್ಟು ಚುರುಕಾದ ಇಳಿಕೆ ಕಾಣಲಿಲ್ಲ. ನಗರಗಳ ತ್ಯಾಜ್ಯನೀರು ಹಾಗೂ ಹೂಳಿನಲ್ಲಿ ಸೇರಿದ ಹಳೆಯ ಸಂಚಯ ಅಲ್ಲಿ ಉಳಿದಿದ್ದವು. 2000ದ ಜೂನ್‌ನಲ್ಲಿ ಟೊರಾಂಟೊ ವಿಮಾನ ನಿಲ್ದಾಣದಿಂದ ಸುಮಾರು 22,000 ಲೀಟರ್ ಅಗ್ನಿಶಾಮಕ ನೊರೆ ಸೋರಿ, ಈ ಸರೋವರವನ್ನು ಕೂಡುವ ಎಟೋಬಿಕೋಕ್ ತೊರೆಗೆ ಸೇರಿದ್ದೂ ಉಂಟು. ಮೂಲ ಹತ್ತಿರವಿದ್ದಷ್ಟೂ ಚೇತರಿಕೆ ಶೀಘ್ರವೆಂದು ಭಾವಿಸಲು ಇಲ್ಲಿ ಅವಕಾಶವಿಲ್ಲ.

ಇಳಿಯದ ಸಂಯುಕ್ತಗಳು

ಪಿಎಫ್‌ಒಎಸ್ ಇಳಿಕೆಯನ್ನು ಇಡೀ ವರ್ಗದ ಇಳಿಕೆಯೆಂದು ತಿಳಿಯುವುದು ತಪ್ಪಾದೀತು. ಅದೇ ಸೀಲ್‌ಗಳಲ್ಲಿ, ಒಂಬತ್ತು ಅಥವಾ ಹೆಚ್ಚು ಇಂಗಾಲ ಪರಮಾಣುಗಳುಳ್ಳ ಉದ್ದ ಸರಪಣಿಯ ಕಾರ್ಬಾಕ್ಸಿಲಿಕ್ ಆಮ್ಲಗಳು 1972ರಿಂದ 2005ರವರೆಗಿನ ಅವಧಿಯಲ್ಲಿ ಏರುತ್ತಲೇ ಬಂದವು. ಇವುಗಳ ಮೂಲ ಬೇರೆ, ತಯಾರಿಕೆಯ ಕ್ರಮವೂ ಬೇರೆ. ಹೀಗಾಗಿ ಒಂದು ಸಂಯುಕ್ತದ ಮೇಲಿನ ಕ್ರಮ ಇನ್ನೊಂದನ್ನು ತಡೆಯಲಿಲ್ಲ.

ಕಾನೂನಿನ ಗತಿಯೂ ಹೀಗೆಯೇ ಒಂದೊಂದು ಹೆಜ್ಜೆಯದು. ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಪಿಎಫ್‌ಒಎಸ್ 2009ರಲ್ಲಿ, ಪರ್‌ಫ್ಲೋರೋಆಕ್ಟನೋಯಿಕ್ ಆಮ್ಲ 2019ರಲ್ಲಿ, ಪರ್‌ಫ್ಲೋರೋಹೆಕ್ಸೇನ್ ಸಲ್ಫೋನಿಕ್ ಆಮ್ಲ 2022ರಲ್ಲಿ ಸೇರಿದವು. ಸೀಲ್‌ಗಳಲ್ಲಿ ಏರಿಕೆ ದಾಖಲಾದ ಉದ್ದ ಸರಪಣಿಯ ಆಮ್ಲಗಳು ಸೇರಿದ್ದು 2025ರಲ್ಲಿ. ಪ್ರಾಣಿಗಳ ಅಂಗಾಂಶ ನುಡಿದ ಸಾಕ್ಷ್ಯಕ್ಕೂ ನಿಯಂತ್ರಣಕ್ಕೂ ನಡುವಣ ಅಂತರ ಇದರಿಂದ ವಿದಿತವಾಗುತ್ತದೆ.

ಉಪಸಂಹಾರ

ಮೇಲಿನ ಎಲ್ಲ ನಿರ್ಣಯಗಳೂ ನಿಂತಿರುವುದು ಒಂದೇ ಆಧಾರದ ಮೇಲೆ: ಪಿಎಫ್‌ಒಎಸ್ ಜೀವಿಗಳಲ್ಲಿ ಶೇಖರವಾಗುತ್ತಿದೆಯೆಂಬ ಅರಿವು ಮೂಡುವ ಮೊದಲೇ, ಬೇರೆ ಉದ್ದೇಶಗಳಿಗಾಗಿ ಯಾರೋ ಮೊಟ್ಟೆ ಮತ್ತು ಮೀನುಗಳನ್ನು ಕ್ರಮಬದ್ಧವಾಗಿ ಕಾದಿರಿಸಿದ್ದರು. ಗಂಗಾನದಿಯ ಡಾಲ್ಫಿನ್‌ಗಳೂ ಸೇರಿದಂತೆ ಭಾರತದ ಜಲಮೂಲಗಳಲ್ಲಿ ಈ ಸಂಯುಕ್ತಗಳನ್ನು ಅಳೆದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಂತಹ ಅಳತೆ ಇರುವಿಕೆಯನ್ನು ತಿಳಿಸಬಲ್ಲುದು. ಏರಿಳಿತದ ದಿಕ್ಕನ್ನು ತಿಳಿಸಲಾರದು. ಒಂದೇ ಸ್ಥಳ, ಒಂದೇ ಪ್ರಭೇದ, ಒಂದೇ ಅಂಗದ ಮಾದರಿಗಳನ್ನು ವರ್ಷವರ್ಷವೂ ಕೂಡಿಡುವ ಕಾರ್ಯ ಆರಂಭದಲ್ಲಿ ನಿಷ್ಫಲವೆಂದು ತೋರಬಹುದು. ಆದರೆ ಇಂದು ಮಾರುಕಟ್ಟೆಗೆ ಬರುತ್ತಿರುವ ಬದಲಿ ಸಂಯುಕ್ತಗಳ ಕುರಿತು ಮುಂದಿನ ಪೀಳಿಗೆ ಕೇಳಲಿರುವ ಪ್ರಶ್ನೆಗಳಿಗೆ ಉತ್ತರ ಅಲ್ಲಿಂದಲೇ ದೊರೆಯಬೇಕಾಗಿದೆ.